ನವಣಿ ಅನ್ನ ಮುದ್ದಿ ಆಗಾಕತ್ತೇತಿ, ಸಜ್ಜಿ ಹಿಟ್ಟು ಕಹಿ ಬಂತು, ಸಿರಿಧಾನ್ಯ ಶುರು ಮಾಡೋದು ಹೆಂಗ್ರಿ?

ವಿದ್ಯಾನಗರದ_ಮಗಳು, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮವ್ವಗ ಈಗ 61, ಶುಗರ್ ಬಂದು ಎಂಟು ವರ್ಷ ಆತು. ಹೋದ ತಿಂಗಳ ಊಟಾದ ಮ್ಯಾಲಿನ ಶುಗರ್ 240 ದಾಟಿತ್ತು, ಡಾಕ್ಟರು ಗುಳಗಿ ಹೆಚ್ಚು ಮಾಡೋಕಿಂತ ಮೊದ್ಲ ಅನ್ನ ಕಡಿಮಿ ಮಾಡ್ರಿ, ಎರಡೂ ಹೊತ್ತು ತಾಟಿನ ತುಂಬ ಅನ್ನ ಉಂಡ್ರ ಗುಳಗಿ ಒಂದ ಏನು ಮಾಡೀತು ಅಂದ್ರು. ನಮ್ಮ ಮನ್ಯಾಗ ಮೊದಲಿಂದ ರೊಟ್ಟಿ ಇತ್ರಿ, ಆದ್ರ ಅವ್ವಗ ಭುಜ ನೋವು ಬಂದ ಮ್ಯಾಲೆ ಬಡಿಯೋದು ಬಿಟ್ಲು, ನಾ ಆಫೀಸಿಂದ ಮನಿಗೆ ಬರೋದು ಏಳಕ್ಕ, ಹಿಂಗಾಗಿ ಕುಕ್ಕರಿಗೆ ಅಕ್ಕಿ ಹಾಕೋದ ರೂಢಿ ಆಗಿಬಿಟ್ಟೈತಿ.

ಅಂಗಡ್ಯಾಗ ನವಣಿ, ಸಾವಿ, ಊದಲು, ಸಜ್ಜಿ ಹಿಟ್ಟು ಎಲ್ಲಾ ಒಂದೊಂದು ಪ್ಯಾಕೆಟ್ ತಂದೆ. ಸೋಮವಾರ ನವಣಿನ ಅಕ್ಕಿ ತೊಳದಂಗ ತೊಳದು ಕುಕ್ಕರಿಗಿಟ್ಟು ಮೂರು ಸೀಟಿ ಹೊಡಿಸಿದೆ, ಮುಚ್ಚಳ ತಗದ್ರ ಅಂಟಿನ ಗತೆ ಆಗಿತ್ತು, ಸೌಟು ನಿಲ್ಲಿಸಿದ್ರ ನಿಂತ ಬಿಡ್ತು. ಅವ್ವ ಏನೂ ಅನ್ನಲಿಲ್ಲ. ಉಪ್ಪು ಮಜ್ಜಿಗಿ ಹಾಕ್ಕೊಂಡು ಕಲಸಿ ನಾಕು ತುತ್ತು ಉಂಡು ತಾಟು ತೊಳ್ಯಾಕ ಎದ್ದು ಹೋದ್ಲು. ನನಗ ಭಾಳ ಕೆಟ್ಟ ಅನಿಸ್ತು. ಮರುದಿನ ಸಜ್ಜಿ ರೊಟ್ಟಿ ಮಾಡೂಣು ಅಂದ್ರ ಹಿಟ್ಟು ಕಹಿ, ರೊಟ್ಟಿ ಹಂಚಿಗೆ ಹಾಕೋದ್ರಾಗ ನಾಕು ಕಡಿ ಸೀಳ್ತು. ಪ್ಯಾಕೆಟ್ ಮ್ಯಾಲೆ ತಾರೀಖು ಮುಗದಿರಲಿಲ್ಲ.

ಕೇಳೋದು ಇಷ್ಟ್ರಿ. ಒಂದು, ಇವನ್ನ ಅಡಗಿ ಮಾಡೋದು ಹೆಂಗ? ಎರಡು, ಇದ್ರಿಂದ ಅವ್ವಗ ಖರೇನ ಅನುಕೂಲ ಐತೋ ಇಲ್ಲೋ? ಎಲ್ಲಿ ನೋಡಿದ್ರೂ ಸಿರಿಧಾನ್ಯ ಉಂಡ್ರ ಶುಗರ್ ಹೋಗೇಬಿಡ್ತೈತಿ ಅಂತ ವಿಡಿಯೋ ಬರ್ತಾವು, ನನಗ ಅದರ ಮ್ಯಾಲೆ ಭರವಸಿ ಇಲ್ಲ, ಆದ್ರ ಅವ್ವ ಮಾತ್ರ ಅದನ್ನ ನೋಡಿ ಗುಳಗಿ ಬಿಡ್ಲೇನ ಅಂತ ಕೇಳಾಕತ್ಯಾಳ.

---

ರೊಟ್ಟಿಬುಟ್ಟಿ, ಗದಗ

ತಂಗಿ, ಚಿಂತಿ ಮಾಡಬ್ಯಾಡ. ನಾ ಹದಿನಾಕು ವರ್ಷದಿಂದ ಮನ್ಯಾಗ ರೊಟ್ಟಿ ಮಾಡಿ ಕೊಡೋ ಕೆಲಸ ಮಾಡಾಕತ್ತೀನಿ, ಜೋಳ ಸಜ್ಜಿ ಎರಡೂ.

ಮೊದ್ಲ ನವಣಿ ಹೇಳ್ತೀನಿ. ನೀ ಮಾಡಿದ ತಪ್ಪು ಅಂದ್ರ ನೆನಸಲಿಲ್ಲ ಮತ್ತ ಸೀಟಿ ಜಾಸ್ತಿ ಹೊಡಿಸಿದಿ. ನವಣಿ ಕಾಳು ಅಕ್ಕಿಕಿಂತ ಭಾಳ ಸಣ್ಣದು, ಮ್ಯಾಲೆ ಲಗೂನ ಕುದ್ದು ಒಡದು ಗಂಜಿ ಬಿಡ್ತೈತಿ, ನಡುವ ಮಾತ್ರ ಗಟ್ಟಿ ಉಳಿತೈತಿ. ಮೂರು ನಾಕು ನೀರಾಗ ತೊಳಿ, ತೊಳದ ನೀರು ತಿಳಿ ಆಗಬೇಕು, ಆಮ್ಯಾಲೆ ಅರ್ಧಾ ತಾಸರ ನೆನಸು, ಒಂದು ತಾಸು ನೆನದ್ರ ಇನ್ನೂ ಛಲೋ. ನೆನಸಿದ ನೀರು ಬಸದು ಬಿಡು. ಒಂದು ವಾಟಗಾ ನವಣಿಗೆ ಎರಡೂವರಿ ವಾಟಗಾ ನೀರು, ದಪ್ಪ ತಳದ ಬೋಗಾಣ್ಯಾಗ ಎಸರಿಡು, ಕುದಿ ಬಂದ ಮ್ಯಾಲೆ ಅರ್ಧಾ ಚಮಚ ಎಣ್ಣಿ ಬಿಟ್ಟು ನವಣಿ ಸುರಿ. ನೀರು ಇಂಗ್ಕೋತ ಬಂದು ಕಾಳಿನ ಮ್ಯಾಲೆ ಸಣ್ಣ ಸಣ್ಣ ತೂತು ಕಾಣಾಕ ಹತ್ತತಾವು ನೋಡು, ಆವಾಗ ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ ಎಂಟು ಹತ್ತು ಮಿನಿಟು ಬಿಡು. ಆಮ್ಯಾಲೆ ಒಲಿ ಬಂದ್ ಮಾಡಿ ಮತ್ತ ಹತ್ತು ಮಿನಿಟು ಮುಚ್ಚಳ ತಗಿಬ್ಯಾಡ. ಈ ಕೊನೀ ಹತ್ತು ಮಿನಿಟಿನಾಗ ಅನ್ನ ಅರಳೋದು. ನಡುವ ಸೌಟು ಹಾಕಿ ತಿರುವಿದ್ರ ಮತ್ತ ಮುದ್ದಿ. ಕುಕ್ಕರ್ ಬೇಕಂದ್ರ ಒಂದಕ್ಕ ಎರಡು ನೀರು, ಒಂದ ಸೀಟಿ, ತಾನ ಇಳದ ಮ್ಯಾಲೆ ತಗಿ.

ಸಾವಿಗೂ ಇದ ಪದ್ಧತಿ, ಸ್ವಲ್ಪ ಲಗೂ ಬೇಯ್ತೈತಿ. ಹೊಸದಾಗಿ ಶುರು ಮಾಡೋರಿಗೆ ನಾ ಯಾವಾಗಲೂ ಸಾವಿನ ಹೇಳೋದು, ಬಾಯಿಗೆ ಅಕ್ಕಿ ಅನ್ನ ಉಂಡಂಗ ಹತ್ತತೈತಿ. ಸಾವಿ ಮೊಸರನ್ನಕ್ಕ ಸಾಸಿವಿ, ಕರಿಬೇವು, ಒಂದು ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ಟು ಅವ್ವಗ ಕೊಡು, ಒಲ್ಲೆ ಅನ್ನಂಗಿಲ್ಲ.

ಇನ್ನ ಸಜ್ಜಿ. ಸಜ್ಜಿಯೊಳಗ ಎಣ್ಣಿ ಅಂಶ ಜಾಸ್ತಿ ಇರ್ತೈತಿ, ಹಿಟ್ಟು ಬೀಸಿದ ಕೂಡಲೆ ಆ ಎಣ್ಣಿಗೆ ಗಾಳಿ ತಾಗಿ ದಿನಾ ಹೋದಂಗ ಕಮಟು ಹಿಡದು ಕಹಿ ಬರ್ತೈತಿ. ಪ್ಯಾಕೆಟ್ ಹಿಟ್ಟಿನ ತಾರೀಖು ನೋಡಬ್ಯಾಡ, ಮೂಸಿ ನೋಡು. ಕಾಳು ತಗೊಂಡು ಇಟ್ಕೋ, ಅದು ತಿಂಗಳಗಟ್ಟಲೆ ಇರ್ತೈತಿ, ಗಿರಣಿಗೆ ಕಿಲೋ ಒಂದೂವರಿ ಕಿಲೋ ಅಷ್ಟ ಒಯ್ದು ಬೀಸಿಸು, ಒಂದು ವಾರದಾಗ ಮುಗಿಸು. ಬ್ಯಾಸಗ್ಯಾಗ ಡಬ್ಬಿ ಫ್ರಿಜ್ಜಿನಾಗ ಇಡು. ಜೋಳದ ಹಿಟ್ಟು ಇಷ್ಟು ಲಗೂ ಕಹಿ ಆಗಂಗಿಲ್ಲ, ಆದ್ರ ಹಳೇದಾದ್ರ ಜಿಗಿ ಹೋಗತೈತಿ, ಬಡಿಯೋವಾಗ ಅಂಚು ಸೀಳ್ತೈತಿ.

---

ವಿದ್ಯಾನಗರದ_ಮಗಳು, ಹುಬ್ಬಳ್ಳಿ

ಅಕ್ಕಾ ಭಾಳ ಉಪಕಾರ ಆತ್ರಿ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ರೊಟ್ಟಿ ಸೀಳದಂಗ ಮಾಡೋದು ಒಂದು ಹೇಳಿಬಿಡ್ರಿ. ನಾ ತಣ್ಣೀರಾಗ ನಾದಿದ್ದೆ.

---

ರೊಟ್ಟಿಬುಟ್ಟಿ, ಗದಗ

ಅಲ್ಲೇ ಇತ್ತು ನೋಡು ತಪ್ಪು. ಗೋದಿಯೊಳಗ ಅಂಟು ಐತಿ, ತಣ್ಣೀರಾಗ ನಾದಿದ್ರೂ ಹಿಡಕೋತೈತಿ. ಜೋಳ ಸಜ್ಜಿಯೊಳಗ ಆ ಅಂಟು ಇಲ್ಲ, ಕುದಿಯೋ ನೀರು ಬಿದ್ದಾಗ ಹಿಟ್ಟು ಅರೆಬರೆ ಬೆಂದು ಜಿಗಿ ಬರಬೇಕು. ಕೊಣಮಗಿ ಇಲ್ಲಂದ್ರ ಅಗಲ ಪರಾತದಾಗ ಹಿಟ್ಟು ಹಾಕಿ ನಡುವ ಕುಣಿ ಮಾಡು, ಎಸರು ಕೊತ ಕೊತ ಕುದಿಯೋವಾಗ ಆ ಕುಣ್ಯಾಗ ಸುರದು ಚಮಚದ ಹಿಂದಿನಿಂದ ಕಲಸಿ ಎರಡು ಮಿನಿಟು ಮುಚ್ಚಿಡು. ಕೈ ತಾಳುವಷ್ಟು ಬಿಸಿ ಇದ್ದಾಗಲೆ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದು. ಎಲ್ಲಾ ಹಿಟ್ಟು ಒಮ್ಮೆ ನಾದಬ್ಯಾಡ, ಒಂದೊಂದು ರೊಟ್ಟಿಗೆ ಆಗೋವಷ್ಟು ತಗೊಂಡು ನಾದು. ಉಂಡಿ ಒತ್ತಿದಾಗ ಅಂಚು ಸೀಳಲಿಲ್ಲ ಅಂದ್ರ ಹದ ಬಂತು.

ಹಂಚು ಚೆನ್ನಾಗಿ ಕಾದಿರಬೇಕು. ಹಾಕಿದ ಕೂಡಲೆ ಒದ್ದಿ ಬಟ್ಟಿಲೆ ಮ್ಯಾಲೆ ಪೂರ್ತಿ ಒರಸು, ಒಣಹಿಟ್ಟು ಉಳದ್ರ ಅಲ್ಲೇ ಬಿರಕು ಬಿಡೋದು. ನೀರು ಆರಿ ಬಣ್ಣ ತಿರುಗಿದ ಕೂಡಲೆ ಹೊಳ್ಳಿಸಿ ಹಾಕು. ಆಮ್ಯಾಲೆ ಬಟ್ಟಿಲೆ ಅಂಚು ಒತ್ತಿದ್ರ ಉಬ್ಬತೈತಿ. ಬಡಿಯಾಕ ಬರಲಿಲ್ಲ ಅಂದ್ರ ಎರಡು ಪ್ಲಾಸ್ಟಿಕ್ ಹಾಳಿ ನಡುವ ಲಟ್ಟಣಿಗಿಲೆ ಲಟ್ಟಿಸು, ತಪ್ಪೇನಿಲ್ಲ. ಅವ್ವನ ಭುಜಕ್ಕೂ ಆರಾಮ.

---

ಎರಿಹೊಲ, ನವಲಗುಂದ ತಾಲೂಕು

ಅಕ್ಕಾರು ಅಡಗಿ ಬರೋಬ್ಬರಿ ಹೇಳ್ಯಾರ. ಒಂದು ಮಾತು ಕೇಳ್ರಿ ಎಲ್ಲಾರೂ. ಪ್ಯಾಟ್ಯಾಗಿನ ಮಂದಿ ಸಿರಿಧಾನ್ಯ ಅಂದ ಕೂಡಲೆ ಪ್ಯಾಕೆಟ್ಟಿನಾಗಿನ ಸಣ್ಣಕಾಳು ಅಷ್ಟ ಅನ್ಕೋತಾರ. ಜೋಳ ಏನ್ರಿ ಹಂಗಾರ? ಸಜ್ಜಿ ಏನು? 2018ರಾಗ ಕೇಂದ್ರ ಸರ್ಕಾರ ಪೌಷ್ಟಿಕ ಧಾನ್ಯ ಅಂತ ಪಟ್ಟಿ ಮಾಡಿದಾಗ ಜೋಳ, ಸಜ್ಜಿ, ರಾಗಿ ಎಲ್ಲಾ ಅದರಾಗ ಇದ್ವು. 2023ನ್ನ ವಿಶ್ವಸಂಸ್ಥೆಯವರು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದಾಗಲೂ ಜೋಳ ಅದರೊಳಗ ಇತ್ತು. ನಮ್ಮ ಎರಿ ಹೊಲದಾಗ ಹಿಂಗಾರಿ ಬಿಳಿಜೋಳ ಹಸಿ ಆರೋದ್ರೊಳಗ ಬಿತ್ತಿದ್ರ, ಆಮ್ಯಾಲೆ ಮಳಿ ಬರಲಿಲ್ಲ ಅಂದ್ರೂ ಭೂಮಿಯೊಳಗಿನ ಹಸಿ ಮತ್ತ ಇಬ್ಬನಿ ಕುಡದ ತೆನಿ ಕಟ್ಟತೈತಿ. ದನಕ್ಕ ಕಣಕಿ, ಮನಿಗೆ ಕಾಳು. ಎಳ್ಳಮಾಸಿಗೆ ಚರಗಾ ಚೆಲ್ಲಾಕ ಹೋದಾಗ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಪುಂಡಿಪಲ್ಯ, ಜೋಳದ ಬಾನ ಉಣ್ಣತೇವಲ್ಲ, ಅದಾ ಸಿರಿಧಾನ್ಯದ ಊಟ ಅಲ್ಲೇನ್ರಿ.

ತಂಗಿ, ನಿಮ್ಮವ್ವ ಅರವತ್ತು ವರ್ಷ ಜೋಳದ ರೊಟ್ಟಿ ಉಂಡಾಕಿ. ಆಕಿಗೆ ಹೊಸದು ಕಲಿಸೋದು ಏನಿಲ್ಲ, ಬಿಟ್ಟದ್ದನ್ನ ತಿರಗಿ ಕೊಟ್ರ ಆತು.

---

ಪಥ್ಯದಡಗಿ, ಧಾರವಾಡ

ನಾ ಆಹಾರ ಪಥ್ಯ ಹೇಳೋ ಕೆಲಸದಾಗ ಇದ್ದೀನಿ, ಹಿಂಗಾಗಿ ಎರಡನೇ ಪ್ರಶ್ನೆಗೆ ಉತ್ತರ ಬರೀತೀನಿ, ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದ್ರಿ.

ಮೊದಲನೇ ಮಾತು, ಗುಳಗಿ ಬಿಡಬಾರ್ದು. ಯಾವ ಧಾನ್ಯನೂ ಗುಳಗಿ ಬದಲಿ ಅಲ್ಲ. ಶುಗರ್ ಕಡಿಮಿ ಆಗಾಕ ಹತ್ತಿದ್ರ ಗುಳಗಿ ಎಷ್ಟು ಇಳಸಬೇಕು ಅನ್ನೋದು ಡಾಕ್ಟರು ಹೇಳಬೇಕು, ಯಾಕಂದ್ರ ಊಟ ಬದಲಾಗಿ ಗುಳಗಿ ಅಷ್ಟೇ ಉಳದ್ರ ಶುಗರ್ ಒಮ್ಮೆಲೆ ಇಳದು ತಲಿ ತಿರುಗಿ ಬೀಳೋರನ್ನೂ ನಾ ನೋಡೀನಿ.

ಎರಡನೇದು ಮಂದಿಗೆ ಗೊತ್ತಿಲ್ಲದ್ದು. ಅಕ್ಕಿ ಇರ್ಲಿ, ಜೋಳ ಇರ್ಲಿ, ಸಾವಿ ಇರ್ಲಿ, 100 ಗ್ರಾಂ ಹಸಿ ಕಾಳಿನೊಳಗ ಇರೋ ಶಕ್ತಿ ಹೆಚ್ಚೂಕಡಿಮಿ ಒಂದೇ ಅದ, 320ರಿಂದ 360 ಕ್ಯಾಲೊರಿ. ಸಿರಿಧಾನ್ಯ ಅಂತ ಎರಡು ತಾಟು ಉಂಡ್ರ ಅಕ್ಕಿ ಎರಡು ತಾಟು ಉಂಡಂಗೇ. ಫರಕ್ ಇರೋದು ನಾರಿನ ಅಂಶದಾಗ. ಬಿಳಿ ಅಕ್ಕಿ 100 ಗ್ರಾಮಿನಾಗ ನಾರು 3 ಗ್ರಾಮೂ ಇಲ್ಲ. ಸಾವಿಯೊಳಗ 7 ಗ್ರಾಂ ದಾಟ್ತದ, ಜೋಳದಾಗ 10, ಸಜ್ಜಿಯೊಳಗ 11 ಗ್ರಾಮಿನ ಮ್ಯಾಲೆ. ನಾರು ಜಾಸ್ತಿ ಇದ್ರ ಸಕ್ಕರಿ ರಕ್ತಕ್ಕ ನಿಧಾನ ಇಳೀತದ, ಹೊಟ್ಟಿ ತುಂಬಿದಂಗ ಇರ್ತದ, ಹಿಂಗಾಗಿ ತಾನೇ ಕಡಿಮಿ ಉಣ್ಣತಾರ. ಪ್ರೋಟೀನು ಅಕ್ಕಿಯೊಳಗ 8 ಗ್ರಾಂ, ಜೋಳ ಸಾವಿಯೊಳಗ 10ರ ಆಸುಪಾಸು, ಸಜ್ಜಿಯೊಳಗ 11, ನವಣಿಯೊಳಗ 12. ಕಬ್ಬಿಣಕ್ಕ ಸಜ್ಜಿ, 6 ಮಿಲಿಗ್ರಾಂ ಮ್ಯಾಲೆ ಅದ. ಎಲಬಿಗೆ ರಾಗಿ, 100 ಗ್ರಾಮಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ, ಬ್ಯಾರೆ ಯಾವ ಧಾನ್ಯನೂ ಅದರ ಹತ್ರ ಬರಂಗಿಲ್ಲ.

ಆದ್ರ ನಾರಿನ ಲಾಭ ಕಾಳು ಕಾಳಾಗಿ ಇದ್ರ ಮಾತ್ರ ಪೂರ್ತಿ ಸಿಗ್ತದ. ಅದನ್ನೇ ನುಣ್ಣಗ ಬೀಸಿ ತೆಳ್ಳಗ ಗಂಜಿ ಕಾಯಿಸಿ ಕುಡದ್ರ ಶುಗರ್ ಲಗೂನ ಏರ್ತದ. ನಮ್ಮ ಕಡೆ ಶುಗರ್ ಇದ್ದೋರು ಮುಂಜಾನೆ ದೊಡ್ಡ ಲೋಟದ ತುಂಬ ರಾಗಿ ಗಂಜಿ ಕುಡದು, ಮ್ಯಾಲೆ ಬೆಲ್ಲ ಬ್ಯಾರೆ ಹಾಕ್ಕೊಂಡು, ಪಥ್ಯ ಮಾಡಾಕತ್ತೀನಿ ಅಂತಾರ. ಅದು ಬ್ಯಾಡ.

ಅವ್ವಗ ಹಿಂಗ ಮಾಡಿ ನೋಡ್ರಿ. ಬೇಯಿಸಿದ ಸಾವಿ ಅಥವಾ ನವಣಿ ಅನ್ನ ಒಂದು ವಾಟಗಾ, ಇಲ್ಲಾ ಎರಡು ತೆಳ್ಳನ್ನ ರೊಟ್ಟಿ. ಅದರಷ್ಟೇ ಕಾಳುಪಲ್ಯ, ಅಂದ್ರ ಮಡಕಿಕಾಳು, ಹೆಸರುಕಾಳು, ಇಲ್ಲಾ ಜುಣಕ. ಅದರ ಎರಡರಷ್ಟು ಸೊಪ್ಪು ಕಾಯಿಪಲ್ಲೆ, ಹಸೀ ಸೌತಿಕಾಯಿ, ಮೂಲಂಗಿ. ಊಟ ಶುರು ಮಾಡಿದ ಹೊತ್ತಿನಿಂದ ಎರಡು ತಾಸಿಗೆ ಮೀಟರಿನಾಗ ಶುಗರ್ ನೋಡ್ರಿ, ಒಂದು ವಹಿಯೊಳಗ ಏನು ಉಂಡ್ರು, ಎಷ್ಟು ಬಂತು ಬರೀರಿ. ಒಂದೊಂದು ದೇಹಕ್ಕ ಒಂದೊಂದು ಧಾನ್ಯ ಒಗ್ಗತದ. ವಿಡಿಯೋ ನೋಡೋಕಿಂತ ಆ ವಹಿ ನೋಡ್ರಿ.

---

ಸವಣೂರ_ಸೊಸಿ, ಹಾವೇರಿ ಜಿಲ್ಲೆ

ಅಕ್ಕಾರ, ನನಗ ಥೈರಾಯ್ಡ್ ಐತ್ರಿ, ಸಿರಿಧಾನ್ಯ ಉಣ್ಣಬಾರ್ದು ಅಂತ ಬಾಜೂ ಮನಿಯಾಕಿ ಹೇಳಿದ್ಲು. ಖರೇನಾ?

---

ಪಥ್ಯದಡಗಿ, ಧಾರವಾಡ

ಪೂರ್ತಿ ಖರೇನೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಸಜ್ಜಿಯೊಳಗ ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸೋದಕ್ಕ ಅಡ್ಡ ಬರೋ ಕೆಲವು ಅಂಶ ಅವ. ತೊಂದ್ರಿ ಕಂಡಿದ್ದು ಅಯೋಡಿನ್ ಕೊರತೆ ಇದ್ದು ಮೂರೂ ಹೊತ್ತು ಸಜ್ಜಿನೇ ಮುಖ್ಯ ಊಟ ಆದಂಥ ಸುಡಾನದಂಥ ಪ್ರದೇಶದಾಗ. ನೀವು ಅಯೋಡಿನ್ ಉಪ್ಪು ಬಳಸ್ರಿ, ಸಜ್ಜಿ ವಾರದಾಗ ಒಂದೆರಡು ಸಲ ಸಾಕು, ಉಳದ ದಿನ ಜೋಳ, ಸಾವಿ ಬದಲಿಸಿ ಬದಲಿಸಿ ಉಣ್ಣರಿ. ಥೈರಾಯ್ಡ್ ಗುಳಗಿ ಖಾಲಿ ಹೊಟ್ಟಿಲೆ ತಗೊಂಡು ಅರ್ಧಾ ಒಂದು ತಾಸು ಬಿಟ್ಟು ನಾಷ್ಟಾ ಮಾಡ್ರಿ, ಅದು ಯಾವ ನಾಷ್ಟಾ ಇದ್ರೂ ಅಷ್ಟೇ. ಮುಂದಿನ ಸಲ ರಕ್ತ ತಪಾಸಣಿ ಮಾಡಿಸಿದಾಗ ಊಟ ಬದಲಿಸೀನಿ ಅಂತ ಡಾಕ್ಟರಿಗೆ ಹೇಳ್ರಿ.

ಕಿಡ್ನಿ ತೊಂದ್ರಿ ಇದ್ದೋರು ಮಾತ್ರ ಕೇಳದ ಶುರು ಮಾಡಬ್ಯಾಡ್ರಿ, ಅವರ ಲೆಕ್ಕ ಬ್ಯಾರೆ.

---

ಹಳೇ_ಒಳ್ಳು, ರಾಣೆಬೆನ್ನೂರು

ನನಗ 68 ವರ್ಷ. ಸಾವಿ ಅಂದ ಕೂಡಲೆ ನನಗ ನಮ್ಮ ಅಮ್ಮ ಅಂದ್ರ ನಮ್ಮಪ್ಪನ ತಾಯಿ ನೆನಪಾದಳು. ಆಕಿ ಮತ್ತ ನಮ್ಮ ದೊಡ್ಡವ್ವ ಇಬ್ಬರೂ ಒಂದ ಒಳ್ಳಿಗೆ ಎದುರು ಬದುರು ನಿಂತು ಎರಡು ಒನಕಿಲೆ ಸಾವಿ ಕುಟ್ಟೋರು, ಒಬ್ಬಾಕಿದು ಮ್ಯಾಲೆ ಹೋದಾಗ ಇನ್ನೊಬ್ಬಾಕಿದು ಕೆಳಗ, ತಪ್ಪತಿರಲಿಲ್ಲ. ಕುಟ್ಟಿ ಮರದಾಗ ಹಾಕಿ ಕೇರಿದ್ರ ಹೊಟ್ಟು ಹಾರಿ ಅಂಗಳದ ತುಂಬ ಬಂಗಾರದ ಬಣ್ಣ. ಮತ್ತ ಕುಟ್ಟೋದು, ಮತ್ತ ಕೇರೋದು, ಮೂರು ಸಲ. ಒಂದು ಹೊತ್ತಿನ ಊಟಕ್ಕ ಅರ್ಧಾ ದಿನ. ಅಕ್ಕಿ ಅಂಗಡ್ಯಾಗ ಬಿಳೇದಾಗಿ ಸಿಗಾಕ ಹತ್ತಿದ ಮ್ಯಾಲೆ ನಮ್ಮ ಮನಿ ಹೆಣ್ಣಮಕ್ಕಳು ಒನಕಿ ಕೆಳಗಿಟ್ರು. ಅವರದು ತಪ್ಪು ಅಂತ ನಾ ಎಂದೂ ಅನ್ನಂಗಿಲ್ಲ. ಅವರ ರಟ್ಟಿಯೊಳಗ ಎಷ್ಟು ನೋವಿತ್ತು ಅನ್ನೋದು ನೋಡೀನಿ.

ಅದು ಹೋದ ಮ್ಯಾಲೆ ಹೊಲದಾಗೂ ಹೋತು. ನಮ್ಮ ಹಾವೇರಿ ಜಿಲ್ಲಾದಾಗ ಈಗ ಎತ್ತ ನೋಡಿದ್ರೂ ಗೋವಿನಜೋಳ. ನವಣಿ ಸಾವಿ ಎಂಬತ್ತು ತೊಂಬತ್ತು ದಿನದ ಪೀಕು, ಗೊಬ್ಬರ ಬೇಡಂಗಿಲ್ಲ, ಔಷಧ ಬೇಡಂಗಿಲ್ಲ, ಖರೆ, ಆದ್ರ ಎಕರೆಗೆ ಐದಾರು ಕ್ವಿಂಟಲ್ ಬಂದ್ರ ಭಾಳ, ಗೋವಿನಜೋಳ ಇಪ್ಪತ್ತರ ಮ್ಯಾಲೆ ಬರ್ತೈತಿ. ರೈತ ಏನು ಮಾಡ್ಬೇಕು.

ನಮ್ಮೂರ ಹತ್ರ ಹನುಮನಮಟ್ಟಿಯೊಳಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಐತಿ, ಸಣ್ಣಕಾಳಿನ ಮ್ಯಾಲೆ ಭಾಳ ವರ್ಷದಿಂದ ಕೆಲಸ ಮಾಡ್ಯಾರ. ನವಣಿಯೊಳಗ ಡಿಎಚ್‌ಎಫ್‌ಟಿ-109-3, ಸಾವಿಯೊಳಗ ಡಿಎಚ್‌ಎಲ್‌ಎಂ-36-3 ಅನ್ನೋ ತಳಿ ವಿಶ್ವವಿದ್ಯಾಲಯದವರದ. ಬಿತ್ತೋ ಮನಸ್ಸಿದ್ದೋರು ಅಲ್ಲಿ ಹೋಗಿ ಕೇಳ್ರಿ.

---

ಎರಿಹೊಲ, ನವಲಗುಂದ ತಾಲೂಕು

ಹಿರಿಯರು ಬರದದ್ದು ಓದಿ ಕಣ್ಣಾಗ ನೀರು ಬಂತು. ರೇಟಿನ ಮಾತು ನಾನೂ ಹೇಳ್ತೀನಿ. 2025-26ಕ್ಕ ಮಾಲದಂಡಿ ಜೋಳಕ್ಕ ಬೆಂಬಲ ಬೆಲಿ ಕ್ವಿಂಟಲಿಗೆ 3,749 ರೂಪಾಯಿ, ಸಜ್ಜಿಗೆ 2,775. ನವಣಿ, ಸಾವಿ, ಹಾರಕ, ಬರಗು ಆ ಪಟ್ಟಿಯೊಳಗ ಇಲ್ಲೇ ಇಲ್ಲ. ರಾಜ್ಯದ ರೈತ ಸಿರಿ ಯೋಜನೆಯೊಳಗ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಅಂತ ಮಾಡಿದ್ರು, ಅದು ಬಿತ್ತಾಕ ಧೈರ್ಯ ಕೊಡ್ತೈತಿ, ಮಾರೋವಾಗಿನ ಧೈರ್ಯ ಬ್ಯಾರೆ. ಮೂರು ವರ್ಷದ ಹಿಂದ ನಾ ಎರಡು ಎಕರೆ ನವಣಿ ಹಾಕಿದ್ದೆ, ನಡುವ ತೊಗರಿ ಅಕ್ಕಡಿ. ಗುಬ್ಬಿ ಗಿಳಿ ಕಾಯಾಕ ಹದಿನೈದು ದಿನ ಮನಿಮಂದಿ ಎಲ್ಲಾ ಹೊಲದಾಗ, ಒಕ್ಕಿದ ಮ್ಯಾಲೆ ಒಂಬತ್ತು ಚೀಲ ಆತು. ಒಬ್ಬ ವ್ಯಾಪಾರಸ್ಥ ಫೋನಿನಾಗ ಒಂದು ರೇಟು ಹೇಳಿ, ಮಾಲು ಹೇರಿಕೊಂಡು ಹೋದ ಮ್ಯಾಲೆ ಕಲ್ಲು ಜಾಸ್ತಿ ಐತಿ ಅಂತ ಕಾಲು ಭಾಗ ಕಡಿಮಿ ಕೊಟ್ಟ. ಅದ ನವಣಿನ ಹೊಟ್ಟು ಬಿಡಿಸಿ ಪ್ಯಾಕೆಟ್ ಮಾಡಿದ್ರ ಅಂಗಡ್ಯಾಗ ಕಿಲೋಕ್ಕ ಮೂರು ಪಟ್ಟು. ಹೊಟ್ಟು ಬಿಡಿಸೋ ಮಶೀನು ಹತ್ರ ಎಲ್ಲೂ ಇರಲಿಲ್ಲ, ನಮ್ಮ ಮನ್ಯಾಗ ಬೆಳದ ನವಣಿ ನಮ್ಮ ಮನ್ಯಾಗ ಉಣ್ಣಾಕ ಆಗಲಿಲ್ಲ ಅಂದ್ರ ನಂಬ್ತೀರೇನ್ರಿ.

ಆದ್ರ ಈಗ ಪರಿಸ್ಥಿತಿ ಸ್ವಲ್ಪ ಬದಲಾಗೇತಿ. ಕುಂದಗೋಳ ತಾಲೂಕಿನ ತೀರ್ಥ ಅನ್ನೋ ಊರಾಗ ಬೀಬಿ ಫಾತಿಮಾ ಸ್ವಸಹಾಯ ಸಂಘ ಅಂತ ಹೆಣ್ಣಮಕ್ಕಳ ಸಂಘ ಐತಿ. 2018ರಾಗ ಶುರು ಮಾಡಿದ್ರು, ದೇಸಿ ಬೀಜದ ಬ್ಯಾಂಕ್ ಇಟ್ಟಾರ, ಸಿರಿಧಾನ್ಯದ ಹೊಟ್ಟು ಬಿಡಿಸೋ ಘಟಕ ತಾವ ನಡಸ್ತಾರ. 2025ರಾಗ ವಿಶ್ವಸಂಸ್ಥೆ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು, ಇಡೀ ಜಗತ್ತಿನಿಂದ ಹತ್ತು ಗುಂಪು ಆರಿಸಿದ್ರೊಳಗ ನಮ್ಮ ಕುಂದಗೋಳದ ಹೆಣ್ಣಮಕ್ಕಳು. ಒನಕಿ ಕೆಳಗಿಟ್ಟವರ ಮೊಮ್ಮಕ್ಕಳು ಮಶೀನಿನ ಗುಂಡಿ ಒತ್ತಾಕತ್ಯಾರ, ಹಿರಿಯರು ಇದನ್ನ ಕೇಳಿ ಖುಷಿ ಪಡ್ತೀರಿ ಅಂತ ಬರದೆ.

---

ಹಳೇ_ಒಳ್ಳು, ರಾಣೆಬೆನ್ನೂರು

ಭಾಳ ಭಾಳ ಖುಷಿ ಆತಪ್ಪಾ. ಒಮ್ಮೆ ಹೋಗಿ ನೋಡಿ ಬರಬೇಕು.

---

ಕಿರಾಣಿ_ಲೆಕ್ಕ, ಹಳೇ ಹುಬ್ಬಳ್ಳಿ

ತಗೊಳ್ಳೋವಾಗ ಏನು ನೋಡಬೇಕು ಅನ್ನೋದು ಯಾರೂ ಬರದಿಲ್ಲ. ನವಣಿ, ಸಾವಿಗೆ ಮ್ಯಾಲೆ ಗಟ್ಟಿ ಹೊಟ್ಟು ಇರ್ತೈತಿ, ಅದನ್ನ ತಗಿಲೇಬೇಕು, ಮನುಷ್ಯಾರಿಗೆ ಅದು ಪಚನ ಆಗಂಗಿಲ್ಲ. ಅದರ ಕೆಳಗ ತೆಳ್ಳನ್ನ ಪೊರಿ ಇರ್ತೈತಿ, ಅದು ಉಳಿಬೇಕು. ಪಾಲಿಶ್ ಮಾಡಿ ಅದನ್ನೂ ತಗದ್ರ ನೋಡಾಕ ಬೆಳ್ಳಗ ಫಳಫಳ ಹೊಳಿತೈತಿ, ನಾರು ಮಾತ್ರ ಹೋಗಿರ್ತೈತಿ. ನವಣಿ ಹಳದಿ ಇರಬೇಕು, ಸಾವಿ ಮಾಸಲು ಬೂದು ಬಿಳುಪು ಇರಬೇಕು. ಮುಷ್ಟ್ಯಾಗ ಹಿಡದು ಬಿಟ್ರ ಕೈಗೆ ಸ್ವಲ್ಪ ಧೂಳು ಹತ್ತಿದ್ರ ಛಲೋ ಮಾಲು ಅಂತ ನಾ ತಿಳಿತೀನಿ. ಪಾಲಿಶ್ ಮಾಡದ ಮಾಲಿಗೆ ಹುಳ ಲಗೂ ಹಿಡಿತೈತಿ, ಅದಕ್ಕ ತಿಂಗಳಿಗೆ ಆಗೋವಷ್ಟ ಒಯ್ರಿ, ನಾ ಗಿರಾಕಿಗೆ ಇದನ್ನ ಹೇಳೇ ಕೊಡ್ತೀನಿ.

ಇನ್ನೊಂದು, ಹಾರಕದ ವಿಷಯ. ಮಳಿಗೆ ತೊಯ್ದು ಬೂಸ್ಟು ಹಿಡದ ಹಾರಕ ಮುಟ್ಟಲೂ ಬ್ಯಾಡ್ರಿ. 2024ರ ಅಕ್ಟೋಬರ್ ಕೊನಿಗೆ ಮಧ್ಯಪ್ರದೇಶದ ಬಾಂಧವಗಡ ಕಾಡಿನಾಗ ಹೊಲದಾಗಿನ ಹಾರಕ ಮೇಯ್ದು 10 ಆನಿ ಸತ್ತವು, ತಪಾಸಣಿ ಮಾಡಿದಾಗ ಬೂಸ್ಟಿನಿಂದ ಹುಟ್ಟೋ ಸೈಕ್ಲೊಪಿಯಾಜೋನಿಕ್ ಆಮ್ಲ ಅನ್ನೋ ವಿಷ ಸಿಕ್ತು. ಒಣಗಿದ, ವಾಸನಿ ಇಲ್ಲದ ಹಾರಕಕ್ಕ ಭಯ ಕಡಿಮಿ. ಮುಗ್ಗು ವಾಸನಿ ಬಂತಂದ್ರ ತೊಳದು ಬಿಸಲಿಗೆ ಹಾಕಿ ಉಳಿಸಿಕೊಳ್ಳೋ ಆಸೆ ಮಾಡಬ್ಯಾಡ್ರಿ, ಚೆಲ್ಲಿಬಿಡ್ರಿ.

---

ಮಗುವಿನ_ಡಬ್ಬಿ, ಗದಗ

ನನ್ನ ಮಗ ಮೂರನೇತ್ತೆ, ರೊಟ್ಟಿ ಮುಟ್ಟಂಗಿಲ್ಲ. ಸಾವಿ ದೋಸಿ ಮಾತ್ರ ಕೇಳಿ ಕೇಳಿ ತಿಂತಾನ. ಮೂರು ವಾಟಗಾ ಸಾವಿ, ಒಂದು ವಾಟಗಾ ಉದ್ದಿನಬ್ಯಾಳಿ, ಒಂದು ಚಮಚ ಮೆಂತ್ಯಕಾಳು, ನಾಕೈದು ತಾಸು ನೆನಸಿ ರುಬ್ಬಿ ರಾತ್ರಿ ಬಿಡೋದು ಅಷ್ಟ. ಹುಳಿ ಬಂದ್ರ ಕಾಳಿನೊಳಗಿನ ಕಬ್ಬಿಣ ಮೈಗೆ ಹತ್ತೋದೂ ಜಾಸ್ತಿ ಆಗ್ತೈತಿ ಅಂತ ನಮ್ಮ ಅಂಗನವಾಡಿ ಅಕ್ಕಾರು ಹೇಳಿದ್ರು. ನವಣಿ ಉಪ್ಪಿಟ್ಟಿಗೆ ಮೊದ್ಲ ಹುರದು ಆಮ್ಯಾಲೆ ನೆನಸ್ರಿ, ಉದುರು ಉದುರು ಬರ್ತೈತಿ. ಗಜ್ಜರಿ, ಬಟಾಣಿ, ಉಳ್ಳಾಗಡ್ಡಿ ಹಾಕಿ ಇಳಸೋವಾಗ ಲಿಂಬಿಹಣ್ಣು.

---

ಪಥ್ಯದಡಗಿ, ಧಾರವಾಡ

ಅಂಗನವಾಡಿಯವರು ಸರಿಯಾಗಿ ಹೇಳ್ಯಾರ. ಕಾಳಿನೊಳಗ ಫೈಟೇಟ್ ಅಂತ ಒಂದು ಅಂಶ ಇರ್ತದ, ಅದು ಕಬ್ಬಿಣ, ಜಿಂಕನ್ನ ಹಿಡದಿಟ್ಕೋತದ. ನೆನಸೋದು, ಮೊಳಕಿ ಒಡಸೋದು, ಹುಳಿ ಬರಸೋದು ಮಾಡಿದ್ರ ಅದರ ಹಿಡಿತ ಸಡಲಾಗ್ತದ. ಲಿಂಬಿ ಹಿಂಡಿದ್ದೂ ಅದಕ್ಕ. ನಮ್ಮ ಹಿರಿಯರು ಅಂಬಲಿ ಹುಳಿ ಬರಿಸಿ ಕುಡಿತಿದ್ರಲ್ಲ, ಸಜ್ಜಿ ರೊಟ್ಟಿ ಜೋಡಿ ಹಸೀ ಮೆಂತೆ ಸೊಪ್ಪು, ಹಕ್ಕರಕಿ ಕಡಕೊಂಡು ತಿಂತಿದ್ರಲ್ಲ, ಅದು ಬಾಯಿರುಚಿ ಅಷ್ಟೇ ಆಗಿರಲಿಲ್ಲ. ಊಟ ಆದ ಕೂಡಲೆ ಚಹಾ ಕುಡಿಯೋದು ಒಂದು ಬಿಡ್ರಿ, ಅದು ಕಬ್ಬಿಣನ್ನ ಮತ್ತ ತಡೀತದ. ಒಂದು ತಾಸು ಬಿಟ್ಟು ಕುಡೀರಿ.

ಮತ್ತ ಎಲ್ಲಾರಿಗೂ, ಒಮ್ಮೆಲೆ ಮೂರೂ ಹೊತ್ತು ಶುರು ಮಾಡಬ್ಯಾಡ್ರಿ. ಹೊಟ್ಟಿ ಉಬ್ಬರ ಬರ್ತದ, ಕೆಲವರಿಗೆ ಮಲಬದ್ಧತೆ. ಮೊದಲನೇ ವಾರ ದಿನಕ್ಕ ಒಂದ ಹೊತ್ತು, ನೀರು ಜಾಸ್ತಿ.

---

ರೊಟ್ಟಿಬುಟ್ಟಿ, ಗದಗ

ತಂಗಿ, ರೊಟ್ಟಿ ಉಳದ್ರ ಮರುದಿನ ಮುಟಗಿ ಮಾಡು, ಅಥವಾ ಬಿಸೀ ರೊಟ್ಟಿಲೇನೂ ಮಾಡಬಹುದು, ಬಿಸೀದ ರುಚಿ. ರೊಟ್ಟಿ ಸ್ವಲ್ಪ ದಪ್ಪ ಬಡಿ, ಹಂಚಿನ ಮ್ಯಾಲಿಂದ ತಗದ ಕೂಡಲೆ ಚೂರು ಮಾಡಿ ಒಳ್ಳಿಗೆ ಹಾಕು, ಎರಡು ಹಸಿಮೆಣಸಿನಕಾಯಿ, ಐದಾರು ಎಸಳು ಬಳ್ಳೊಳ್ಳಿ, ಜೀರಗಿ, ಉಪ್ಪು, ಒಂದು ಚಮಚ ಎಣ್ಣಿ, ಎಲ್ಲಾ ಕೂಡಿಸಿ ಜಜ್ಜಿ ಮುಷ್ಟ್ಯಾಗ ಒತ್ತಿ ಉಂಡಿ ಕಟ್ಟು. ಬೆರಳಿನ ಗುರುತು ಮ್ಯಾಲೆ ಮೂಡಬೇಕು. ನಿಮ್ಮವ್ವಗ ಒಂದು ಉಂಡಿ, ಜೋಡಿ ಗಟ್ಟಿ ಮಸರು ಕೊಡು.

---

ವಿದ್ಯಾನಗರದ_ಮಗಳು, ಹುಬ್ಬಳ್ಳಿ

ಎಲ್ಲಾರಿಗೂ ಮತ್ತೊಮ್ಮೆ ನಮಸ್ಕಾರ್ರಿ. ಇಪ್ಪತ್ತೆರಡು ದಿನ ಆತು, ಹೇಳದ ಇದ್ರ ತಪ್ಪಾಗ್ತೈತಿ ಅಂತ ಬರಿಯಾಕತ್ತೀನಿ.

ಮೊದಲನೇ ವಾರ ರಾತ್ರಿ ಊಟಕ್ಕ ಅಷ್ಟ ಸಾವಿ ಮಾಡಿದೆ. ಆಫೀಸಿಗೆ ಹೋಗೋವಾಗ ತೊಳದು ನೆನಸಿ ಫ್ರಿಜ್ಜಿನಾಗ ಇಟ್ಟು ಹೋಗೋದು, ಸಂಜಿಕೆ ಬಂದು ಇಪ್ಪತ್ತೈದು ಮಿನಿಟಿನಾಗ ಅನ್ನ ತಯಾರು. ಎರಡನೇ ವಾರ ಮಧ್ಯಾಹ್ನಕ್ಕ ಜೋಳದ ರೊಟ್ಟಿ, ಓಣ್ಯಾಗಿನ ರೊಟ್ಟಿ ಮಾಡೋ ಅಕ್ಕಾರ ಕಡಿಂದ ದಿನಾ ಮೂರು ತರಸ್ತೀನಿ. ವಹಿ ಇಟ್ಟೀವ್ರಿ. ಅಕ್ಕಿ ಅನ್ನ ಉಂಡ ದಿನ 232 ಬಂದಿತ್ತು, ಸಾವಿ ಒಂದು ವಾಟಗಾ ಜೋಡಿ ಹೆಸರುಕಾಳು ಪಲ್ಯ ಉಂಡ ದಿನ 188, ರೊಟ್ಟಿ ಜುಣಕ ಉಂಡ ದಿನ 176. ಊದಲು ಅವ್ವಗ ಒಗ್ಗಲಿಲ್ಲ, 210 ಬಂತು, ಅವತ್ತ ಎರಡು ಸಲ ನೀಡಿಸ್ಕೊಂಡಿದ್ಲು ಅನ್ನೋದೂ ಬರದೀನಿ. ಡಾಕ್ಟರಿಗೆ ವಹಿ ತೋರಿಸಿದ್ವಿ, ಛಲೋ ಆತು, ಇದನ್ನ ಬಿಡಬ್ಯಾಡ್ರಿ, ಗುಳಗಿ ಈಗ ಇದ್ದಷ್ಟ ಇರ್ಲಿ, ಮೂರು ತಿಂಗಳ ಸರಾಸರಿ ನೋಡಿ ಮುಂದ ಹೇಳ್ತೀನಿ ಅಂದ್ರು. ಗುಳಗಿ ಬಿಡೋ ಮಾತು ಅವ್ವ ಈಗ ತಗಿಯಂಗಿಲ್ಲ.

ಮೊನ್ನೆ ಐತವಾರ ಸಜ್ಜಿ ಕಾಳು ಗಿರಣಿಗೆ ಒಯ್ದು ಬಿಸಿ ಬಿಸಿ ಹಿಟ್ಟು ತಂದೆ. ಎಸರು ಹಾಕಿ ನಾದಿ ಪ್ಲಾಸ್ಟಿಕ್ ಹಾಳಿ ಹುಡುಕಾಕ ಹೋಗಿದ್ದೆ, ಹೊಳ್ಳಿ ಬರೋದ್ರಾಗ ಅವ್ವ ಒಂದು ಉಂಡಿ ತಗೊಂಡು ಎಡಗೈಲೆ ತಿರುಗಿಸಿ ಬಲಗೈಲೆ ಬಡ್ಯಾಕ ಹತ್ತಿದ್ಲು. ಭುಜ ನೋಯ್ತೈತಿ ಬಿಡವ್ವ ಅಂದೆ. ಒಂದ ಮಾಡ್ತೀನಿ ತಡಿ ಅಂದಾಕಿ ಮೂರು ಮಾಡಿದ್ಲು. ಮ್ಯಾಲೆ ಎಳ್ಳು ಹಚ್ಚಿದ್ಲು, ಸಂಕ್ರಾಂತಿ ಇಲ್ಲದಿದ್ರೂ. ಬದನಿಕಾಯಿ ಎಣ್ಣಿಗಾಯಿ, ಗುರೆಳ್ಳ ಚಟ್ನಿ, ಬೆಣ್ಣಿ ಸ್ವಲ್ಪ. ಮೂರರಾಗ ಒಂದು ನನ್ನ ತಾಟಿಗೆ ಹಾಕಿ, ಸೀಳಿಲ್ಲ ನೋಡು ಅಂದ್ಲು.

ಅಂಗಡಿ ಪ್ಯಾಕೆಟ್ಟಿನ ಸಾವಿ ಮುಗಿಯಾಕ ಬಂದೈತಿ. ಕುಂದಗೋಳ ಕಡಿ ಹೋಗೋರು ಯಾರರ ಇದ್ರ ಐದು ಕಿಲೋ ತಂದು ಕೊಡಾಕ ಆಗ್ತೈತೇನ್ರಿ? ದುಡ್ಡು ಮೊದ್ಲ ಕೊಡ್ತೀನಿ.

---

ಕಿರಾಣಿ_ಲೆಕ್ಕ, ಹಳೇ ಹುಬ್ಬಳ್ಳಿ

ನಾ ಶನಿವಾರ ಆ ಕಡಿ ಹೊಂಟೀನ್ರಿ ಅಕ್ಕಾರ, ಅಂಗಡಿಗೂ ಎರಡು ಚೀಲ ಬೇಕಾಗೇತಿ. ಐದು ಕಿಲೋ ನಿಮ್ಮ ಹೆಸರಿಗೆ ಬರಕೊಂಡೀನಿ.

---

ಹಳೇ_ಒಳ್ಳು, ರಾಣೆಬೆನ್ನೂರು

ಶನಿವಾರ ಎಷ್ಟೊತ್ತಿಗೆ ಹೊಂಟೀಯಪ್ಪಾ? ನಾ ಹುಬ್ಬಳ್ಳಿತನಕಾ ಬಸ್ಸಿಗೆ ಬರ್ತೀನಿ, ನನ್ನೂ ಕರಕೊಂಡು ಹೋಗು.